ತೆರಿಗೆ ಕಚೇರಿಯ ಕೈಗೆ ಬಂದ ಆರೋಗ್ಯ ಕಾನೂನು: ಅಮೆರಿಕದ ‘ವಿಮಾ ಕಡ್ಡಾಯ’ದ ಒಂದು ಪ್ರಕರಣ ಅಧ್ಯಯನ

ಈ ಅಧ್ಯಯನದ ವಿಷಯ ಅಮೆರಿಕದ ತೆರಿಗೆ ಸಂಹಿತೆಯ ಒಂದು ಸೆಕ್ಷನ್. ಅದರ ಸಂಖ್ಯೆ 5000ಎ. ಅಧ್ಯಕ್ಷ ಬರಾಕ್ ಒಬಾಮ 2010ರ ಮಾರ್ಚ್ 23ರಂದು ಸಹಿ ಹಾಕಿದ, ‘ಒಬಾಮಾಕೇರ್’ ಎಂದೇ ಜನ ಕರೆಯುವ ಅಫರ್ಡಬಲ್ ಕೇರ್ ಆಕ್ಟ್‌ನ ಮೂಲಕ ಸಂಹಿತೆಗೆ ಸೇರಿದ ಈ ಸೆಕ್ಷನ್, ಆರೋಗ್ಯ ವಿಮೆ ಇಲ್ಲದವರು ವಾರ್ಷಿಕ ತೆರಿಗೆ ರಿಟರ್ನ್‌ನ ಜೊತೆಗೆ ಒಂದು ಮೊತ್ತವನ್ನು ಕಟ್ಟಬೇಕೆಂದು ವಿಧಿಸಿತು. 2014ರಲ್ಲಿ ಜಾರಿಗೆ ಬಂದ ಆ ಮೊತ್ತವನ್ನು 2019ರಿಂದ ಸೊನ್ನೆಗೆ ಇಳಿಸಲಾಯಿತು. ಐದೇ ತೆರಿಗೆ ವರ್ಷ ಬದುಕಿದ ಈ ಸಣ್ಣ ದಂಡದ ಸುತ್ತ ಅಮೆರಿಕದ ರಾಜಕೀಯದ ಮೂರು ದೊಡ್ಡ ಜಗಳಗಳು ಹೆಣೆದುಕೊಂಡವು: ಅಧ್ಯಕ್ಷರ ಮೇಲಿನ ವಿರೋಧದಲ್ಲಿ ಜನಾಂಗದ್ವೇಷ ಎಷ್ಟು, ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆಯೇ, ಮತ್ತು ಐಆರ್‌ಎಸ್, ಅಂದರೆ ಅಲ್ಲಿನ ಕೇಂದ್ರ ತೆರಿಗೆ ಇಲಾಖೆ, ಪಕ್ಷಪಾತವಿಲ್ಲದೆ ನಡೆಯುತ್ತದೆಯೇ ಎಂಬುವು.

ಎರಡೂ ಪಕ್ಷಗಳು ಹೆಚ್ಚಾಗಿ ಎದುರಾಳಿಯ ಮನಸ್ಸಿನೊಳಗೆ ಏನಿದೆ ಎಂಬುದನ್ನು ಹಿಡಿದು ವಾದಿಸಿದವು. ಆ ಸೆಕ್ಷನ್‌ಗೆ ನಿಜವಾಗಿ ಎಷ್ಟು ಅಧಿಕಾರವಿತ್ತು, ಅದು ಯಾರ ಜೇಬನ್ನು ಮುಟ್ಟಿತು, ಯಾರನ್ನು ಮುಟ್ಟದೆ ಬಿಟ್ಟಿತು ಎಂಬುದು ಕಾನೂನಿನ ಪಠ್ಯದಲ್ಲೂ ಇಲಾಖೆಯ ಕಡತಗಳಲ್ಲೂ ಇತ್ತು. ಗದ್ದಲ ಎದ್ದ ಜಾಗ ಒಂದು, ಪೆಟ್ಟು ಬಿದ್ದ ಜಾಗ ಇನ್ನೊಂದು ಎಂಬುದು ಆ ಕಡತಗಳನ್ನು ಓದಿದಾಗ ನನಗೆ ಕಂಡದ್ದು.

ದಂಡ ಎಂಥದ್ದು

ಈಗಾಗಲೇ ಕಾಯಿಲೆ ಇರುವವರನ್ನು ವಿಮಾ ಕಂಪನಿಗಳು ತಿರಸ್ಕರಿಸುವಂತಿಲ್ಲ, ಅವರಿಂದ ಹೆಚ್ಚಿನ ಪ್ರೀಮಿಯಂ ವಸೂಲು ಮಾಡುವಂತಿಲ್ಲ ಎಂಬುದು ಹೊಸ ಕಾನೂನಿನ ಮುಖ್ಯ ವಾಗ್ದಾನವಾಗಿತ್ತು. ಅಷ್ಟನ್ನೇ ಮಾಡಿ ಬಿಟ್ಟರೆ ಆರೋಗ್ಯವಂತರು ಕಾಯಿಲೆ ಬೀಳುವ ತನಕ ವಿಮೆಯ ಗೊಡವೆಗೇ ಹೋಗುವುದಿಲ್ಲ, ಪಾಲಿಸಿ ಕೊಳ್ಳುವವರೆಲ್ಲ ರೋಗಿಗಳೇ ಆಗಿ ಪ್ರೀಮಿಯಂ ಏರುತ್ತಲೇ ಹೋಗುತ್ತದೆ. ಆದ್ದರಿಂದ ಎಲ್ಲರನ್ನೂ ಒಳಗೆ ತರುವ ಒಂದು ಒತ್ತಾಯ ಬೇಕಾಯಿತು. ಈ ಉಪಾಯ ಡೆಮಾಕ್ರಟರ ಸ್ವಂತದ್ದಲ್ಲ. ಸಂಪ್ರದಾಯವಾದಿ ಚಿಂತಕರ ಕೂಟವಾದ ಹೆರಿಟೇಜ್ ಫೌಂಡೇಶನ್ 1989ರಲ್ಲೇ ಇಂಥ ಕಡ್ಡಾಯವನ್ನು ಸೂಚಿಸಿತ್ತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ 2006ರಲ್ಲಿ ಸಹಿ ಹಾಕಿದ ಕಾನೂನು ಅದನ್ನು ರಾಜ್ಯದ ತೆರಿಗೆ ರಿಟರ್ನ್ ಮೂಲಕವೇ ಜಾರಿಗೆ ತಂದಿತ್ತು. ಅದೇ ರಾಮ್ನಿ 2012ರಲ್ಲಿ ಒಬಾಮ ವಿರುದ್ಧ ಸ್ಪರ್ಧಿಸಿ ಈ ಕಾನೂನನ್ನು ರದ್ದು ಮಾಡುವುದಾಗಿ ಭರವಸೆ ಕೊಡಬೇಕಾಯಿತು.

ದಂಡದ ಮೊತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಇತ್ತು. 2014ರಲ್ಲಿ ವಯಸ್ಕರೊಬ್ಬರಿಗೆ 95 ಡಾಲರ್ ಅಥವಾ ರಿಟರ್ನ್ ಸಲ್ಲಿಸಬೇಕಾದ ಮಿತಿಗಿಂತ ಮೇಲಿನ ಆದಾಯದ ಶೇ 1, ಇವೆರಡರಲ್ಲಿ ಯಾವುದು ಹೆಚ್ಚೋ ಅದು; 2015ರಲ್ಲಿ 325 ಡಾಲರ್ ಅಥವಾ ಶೇ 2; 2016ರಲ್ಲಿ 695 ಡಾಲರ್ ಅಥವಾ ಶೇ 2.5. ಮಕ್ಕಳಿಗೆ ಇದರ ಅರ್ಧ. ರಿಟರ್ನ್ ಸಲ್ಲಿಸುವಷ್ಟು ಆದಾಯವಿಲ್ಲದವರು, ಜೈಲಿನಲ್ಲಿರುವವರು, ಮಾನ್ಯತೆ ಪಡೆದ ಮೂಲನಿವಾಸಿ ಬುಡಕಟ್ಟುಗಳ ಸದಸ್ಯರು, ಕೈಗೆಟಕುವ ದರದಲ್ಲಿ ವಿಮೆ ಸಿಗದವರು ಮುಂತಾದವರಿಗೆ ವಿನಾಯಿತಿ ಇತ್ತು.

ಮೊತ್ತಕ್ಕಿಂತ ಮುಖ್ಯವಾದದ್ದು ವಸೂಲಿಯ ಅಧಿಕಾರ. ಈ ದಂಡ ಕಟ್ಟದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಅವರ ಆಸ್ತಿಯ ಮೇಲೆ ಹಕ್ಕು ಸ್ಥಾಪಿಸುವಂತಿಲ್ಲ, ಸಂಬಳವನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಜಪ್ತಿ ಮಾಡುವಂತಿಲ್ಲ ಎಂದು ಆ ಸೆಕ್ಷನ್ ತಾನೇ ಬರೆದುಕೊಂಡಿತ್ತು. ಐಆರ್‌ಎಸ್‌ಗೆ ಉಳಿದದ್ದು ನೋಟಿಸ್ ಕಳಿಸುವುದು ಮತ್ತು ಆ ವ್ಯಕ್ತಿಗೆ ಬರಬೇಕಾದ ತೆರಿಗೆ ರೀಫಂಡ್ ಇದ್ದರೆ ಅದರಲ್ಲಿ ಮುರಿದುಕೊಳ್ಳುವುದು. ರೀಫಂಡ್ ಬಾರದಂತೆ ಲೆಕ್ಕ ಹಾಕಿಕೊಂಡವರಿಂದ ಏನನ್ನೂ ಕೀಳಲು ದಾರಿ ಇರಲಿಲ್ಲ. ವಿಮೆ ಕೊಳ್ಳಿಸಲೂ ಬೇಕು, ತೆರಿಗೆ ಏರಿಸಿದ ಹೆಸರೂ ಬರಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕಾಚಾರದಲ್ಲಿ ಸಂಸತ್ತು ಬೇಕೆಂದೇ ಹಲ್ಲು ಕಿತ್ತು ಕಳಿಸಿದ ದಂಡ ಇದು.

ಅಲ್ಲಿ ನೆಲೆಸಿದ ಕನ್ನಡಿಗರ ಪೈಕಿ ಎಚ್-1ಬಿ ವೀಸಾದಲ್ಲಿ ದುಡಿಯುವವರಿಗೆ ಸಾಮಾನ್ಯವಾಗಿ ಕಂಪನಿಯ ವಿಮೆ ಇರುತ್ತಿದ್ದುದರಿಂದ, ವಾರ್ಷಿಕ ರಿಟರ್ನ್ ಆದ 1040 ನಮೂನೆಯ 61ನೇ ಸಾಲಿನಲ್ಲಿ ವರ್ಷವಿಡೀ ವಿಮೆ ಇತ್ತು ಎಂಬ ಚೌಕಕ್ಕೆ ಗುರುತು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಕೆಲವು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬಂದ ತಂದೆ ತಾಯಂದಿರು ತೆರಿಗೆಯ ದೃಷ್ಟಿಯಲ್ಲಿ ಅಲ್ಲಿನ ನಿವಾಸಿಗಳಲ್ಲದ್ದರಿಂದ ಅವರಿಗೆ ಇದು ಅನ್ವಯಿಸುತ್ತಿರಲಿಲ್ಲ. ಆ ಮನೆಗಳ ಮಟ್ಟಿಗೆ ಒಬಾಮಾಕೇರ್‌ನ ಭೀಕರ ಕಡ್ಡಾಯವೆಂದರೆ ಒಂದು ಚೌಕ.

ಆದರೂ ಮಸೂದೆ ಮತಕ್ಕೆ ಬರುವ ಹೊತ್ತಿಗೆ, ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸದನದ (ಮುಂದೆ ಬರೀ ‘ಸದನ’) ತೆರಿಗೆ ಸಮಿತಿಯ ರಿಪಬ್ಲಿಕನ್ ಸಿಬ್ಬಂದಿ ಸಿದ್ಧಪಡಿಸಿದ ಒಂದು ಅಂದಾಜು 16,500ರ ತನಕ ಹೊಸ ಐಆರ್‌ಎಸ್ ನೌಕರರು ಬೇಕಾಗಬಹುದು ಎಂದಿತು. ಆಡಳಿತ ವೆಚ್ಚದ ಒಂದು ಸ್ಥೂಲ ಅಂಕಿಯನ್ನು ನೌಕರರ ಸಂಖ್ಯೆಯಾಗಿ ಪರಿವರ್ತಿಸಿದ್ದ ಈ ಲೆಕ್ಕ, ವೇದಿಕೆಯಿಂದ ವೇದಿಕೆಗೆ ಹೋದಂತೆ ಮೊದಲು 16,500 ತನಿಖಾಧಿಕಾರಿಗಳಾಯಿತು, ಆಮೇಲೆ ಕೆಲವರ ಬಾಯಲ್ಲಿ ಶಸ್ತ್ರಧಾರಿಗಳಾಯಿತು. ವಾಸ್ತವದಲ್ಲಿ ಇಲಾಖೆಯ ಬಜೆಟ್ 2010ರ ಸುಮಾರು 1,210 ಕೋಟಿ ಡಾಲರ್‌ನಿಂದ 2015ರಲ್ಲಿ ಸುಮಾರು 1,090 ಕೋಟಿಗೆ ಇಳಿಯಿತು.

ಜನಾಂಗದ ಮಾತು ಹೇಗೆ ಬಂತು

2009ರ ಸೆಪ್ಟೆಂಬರ್ 9ರಂದು ಸಂಸತ್ತಿನ ಎರಡೂ ಸದನಗಳ ಮುಂದೆ ಒಬಾಮ ತಮ್ಮ ಆರೋಗ್ಯ ಯೋಜನೆಯನ್ನು ವಿವರಿಸುತ್ತ, ಅಕ್ರಮವಾಗಿ ದೇಶದಲ್ಲಿರುವವರಿಗೆ ಇದರ ಸೌಲಭ್ಯ ಇರುವುದಿಲ್ಲ ಎಂದಾಗ ಸೌತ್ ಕ್ಯಾರೊಲೈನಾದ ರಿಪಬ್ಲಿಕನ್ ಸದಸ್ಯ ಜೋ ವಿಲ್ಸನ್ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಕೂಗಿದರು. ಅಧ್ಯಕ್ಷರ ಭಾಷಣದ ನಡುವೆ ಹಾಗೆ ಕೂಗುವುದು ಅಲ್ಲಿ ಕೇಳರಿಯದ ಸಂಗತಿ. ವಿಲ್ಸನ್ ಅದೇ ರಾತ್ರಿ ಕ್ಷಮೆ ಕೇಳಿದರೂ ಒಂದು ವಾರದೊಳಗೆ ಸದನ 240–179 ಮತಗಳಿಂದ ಅವರ ವರ್ತನೆಯನ್ನು ಖಂಡಿಸಿತು. ಆ ನಿರ್ಣಯದ ದಿನವೇ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಒಬಾಮ ವಿರುದ್ಧದ ತೀವ್ರ ದ್ವೇಷದ ಬಹುಪಾಲು ಅವರು ಕಪ್ಪು ವರ್ಣದವರೆಂಬ ಕಾರಣಕ್ಕೇ ಹುಟ್ಟಿದ್ದು ಎಂದು ಟಿ.ವಿ. ಸಂದರ್ಶನದಲ್ಲಿ ಹೇಳಿದರು. ಶ್ವೇತಭವನ ಆ ಮಾತಿನಿಂದ ದೂರ ಸರಿಯಿತು. ಚುನಾವಣೆಗೆ ಮುಂಚೆಯೂ ನಾನು ಕಪ್ಪು ಮನುಷ್ಯನೇ ಆಗಿದ್ದೆ ಎಂದು ಒಬಾಮ ನಗೆಯಾಡಿದರು. ಜನಾಂಗದ ಮಾತಿಗೆ ಇಳಿದರೆ ಮಸೂದೆಯ ಮಾತು ಮುಳುಗುತ್ತದೆ ಎಂಬುದು ಅವರಿಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತಿತ್ತು.

ಮತದಾನದ ಹಿಂದಿನ ದಿನ, 2010ರ ಮಾರ್ಚ್ 20ರಂದು, ನಾಗರಿಕ ಹಕ್ಕುಗಳ ಹೋರಾಟದ ಹಿರಿಯ ಜಾನ್ ಲೂಯಿಸ್ ಮತ್ತು ಇತರ ಕಪ್ಪು ಸದಸ್ಯರು ಪ್ರತಿಭಟನಕಾರರ ನಡುವೆ ಸಂಸತ್ ಭವನಕ್ಕೆ ನಡೆದು ಹೋಗುವಾಗ ಜನಾಂಗೀಯ ಬೈಗುಳ ಕೇಳಿಬಂತೆಂದು ಅವರು ಹೇಳಿದರು. ಇಮ್ಯಾನ್ಯುಯೆಲ್ ಕ್ಲೀವರ್ ತಮ್ಮ ಮೇಲೆ ಉಗುಳು ಬಿತ್ತೆಂದರು. ಸಂಪ್ರದಾಯವಾದಿ ಪ್ರಕಾಶಕ ಆಂಡ್ರೂ ಬ್ರೈಟ್‌ಬಾರ್ಟ್ ಆ ಬೈಗುಳದ ವಿಡಿಯೊ ತೋರಿಸಿದರೆ ಕಪ್ಪು ವಿದ್ಯಾರ್ಥಿಗಳ ಶಿಕ್ಷಣ ನಿಧಿಗೆ 1,00,000 ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಅಂಥ ವಿಡಿಯೊ ಹೊರಬರಲಿಲ್ಲ. ಒಂದು ಪಕ್ಷಕ್ಕೆ ಲೂಯಿಸರ ಮಾತೇ ಸಾಕ್ಷ್ಯ, ಇನ್ನೊಂದಕ್ಕೆ ವಿಡಿಯೊ ಇಲ್ಲದಿರುವುದೇ ಸಾಕ್ಷ್ಯ. ಮರುದಿನ ಮಸೂದೆ ಸದನದಲ್ಲಿ 219–212 ಮತಗಳಿಂದ ಅಂಗೀಕಾರವಾಯಿತು, ಒಬ್ಬ ರಿಪಬ್ಲಿಕನ್ನರ ಮತವೂ ಇಲ್ಲದೆ. (ಕೃತಕ ಕಿರಣಗಳಿಂದ ಚರ್ಮಕ್ಕೆ ಕಂದು ಬಣ್ಣ ತರಿಸುವ ಮಳಿಗೆಗಳ ಮೇಲೆ ಇದೇ ಕಾನೂನು ಶೇ 10ರ ತೆರಿಗೆ ಹಾಕಿತ್ತು; ಅಲ್ಲಿಗೆ ಹೋಗುವವರು ಬಿಳಿಯರೇ ಆದ್ದರಿಂದ ಇದು ಬಿಳಿಯರ ವಿರುದ್ಧದ ಜನಾಂಗೀಯ ತೆರಿಗೆ ಎಂದು ವಾದಿಸಿದವರೂ ಇದ್ದರು.)

ಈ ಜಗಳದಲ್ಲಿ ಅಳತೆಗೆ ಸಿಕ್ಕ ಸಂಗತಿಯೂ ಒಂದಿದೆ. ರಾಜ್ಯಶಾಸ್ತ್ರಜ್ಞ ಮೈಕೆಲ್ ಟೆಸ್ಲರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಳಿಯರು ಮತ್ತು ಕಪ್ಪು ಜನರ ಅಭಿಪ್ರಾಯದ ನಡುವಿನ ಅಂತರ ಕ್ಲಿಂಟನ್ ಅವರ 1993–94ರ ಆರೋಗ್ಯ ಯೋಜನೆಯ ಕಾಲಕ್ಕಿಂತ ಒಬಾಮ ಯೋಜನೆಯ ಕಾಲದಲ್ಲಿ ಶೇಕಡ 20 ಅಂಶಗಳಷ್ಟು ಹಿಗ್ಗಿತ್ತು. ಇದು ವಿರೋಧಿಗಳೆಲ್ಲ ಜನಾಂಗದ್ವೇಷಿಗಳೆಂದು ಹೇಳುವುದಿಲ್ಲ. ಕ್ಲಿಂಟನ್ ಯೋಜನೆಯನ್ನೂ ರಿಪಬ್ಲಿಕನ್ನರು ಮುಳುಗಿಸಿದ್ದರು, ಆಗ ಅಧ್ಯಕ್ಷರು ಬಿಳಿಯರೇ ಆಗಿದ್ದರು. ಒಂದೇ ಬಗೆಯ ನೀತಿ ಯಾರ ಹೆಸರಿನಲ್ಲಿ ಬರುತ್ತದೆ ಎಂಬುದು ಜನರನ್ನು ಜನಾಂಗದ ಗೆರೆಯ ಮೇಲೆ ಇನ್ನಷ್ಟು ದೂರ ಸರಿಸಿತು ಎಂಬಷ್ಟನ್ನು ಮಾತ್ರ ಅದು ತೋರಿಸುತ್ತದೆ. ಸಮುದಾಯದ ಮಟ್ಟದಲ್ಲಿ ನಿಜವಾದ ಈ ಮಾತನ್ನು ಎದುರಿಗೆ ನಿಂತ ಒಬ್ಬ ವ್ಯಕ್ತಿಯ ಮೇಲೆ ಆರೋಪವಾಗಿ ಎಸೆದ ಕೂಡಲೇ ಸಂಭಾಷಣೆ ಮುರಿಯುತ್ತಿತ್ತು. 2014ರ ಮೇ ತಿಂಗಳಲ್ಲಿ ಸೆನೆಟರ್ ಜೇ ರಾಕ್‌ಫೆಲರ್ ಸಮಿತಿಯ ಸಭೆಯಲ್ಲಿ ಕಾನೂನಿನ ವಿರೋಧಕ್ಕೆ ಅಧ್ಯಕ್ಷರ ಬಣ್ಣವೂ ಒಂದು ಕಾರಣವೆಂದಾಗ, ಅಲ್ಲಿದ್ದ ರಿಪಬ್ಲಿಕನ್ ಸೆನೆಟರ್ ರಾನ್ ಜಾನ್ಸನ್ ಅದನ್ನು ತಮ್ಮ ಮೇಲಿನ ಅವಮಾನವೆಂದೇ ತೆಗೆದುಕೊಂಡರು. ವಿಮೆಯ ಚರ್ಚೆ ಅಲ್ಲಿಗೆ ನಿಂತಿತು.

ಸುಪ್ರೀಂ ಕೋರ್ಟ್: ಸೋಮವಾರ ಒಂದು, ಮಂಗಳವಾರ ಇನ್ನೊಂದು

2009ರ ಸೆಪ್ಟೆಂಬರ್‌ನಲ್ಲಿ ಟಿ.ವಿ. ಸಂದರ್ಶನವೊಂದರಲ್ಲಿ ಇದು ತೆರಿಗೆ ಏರಿಕೆಯಲ್ಲವೇ ಎಂದು ಕೇಳಿದಾಗ ಒಬಾಮ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದ್ದರು. ನ್ಯಾಯಾಲಯದಲ್ಲಿ ಅವರದೇ ವಕೀಲರು ಬೇರೆ ದಾರಿ ಹಿಡಿಯಬೇಕಾಯಿತು. 1867ರ ಒಂದು ಕಾನೂನಿನ ಪ್ರಕಾರ ತೆರಿಗೆಯನ್ನು ಕಟ್ಟುವ ಮುಂಚೆ ಪ್ರಶ್ನಿಸುವಂತಿಲ್ಲ. ಹೀಗಾಗಿ 2012ರ ಮಾರ್ಚ್ 26ರ ಸೋಮವಾರ ಇದು ಆ ಕಾನೂನಿನ ಅರ್ಥದಲ್ಲಿ ತೆರಿಗೆಯಲ್ಲ ಎಂದೂ, ಮರುದಿನ ಇದು ಸಂವಿಧಾನದ ತೆರಿಗೆ ಅಧಿಕಾರದೊಳಗೇ ಬರುತ್ತದೆ ಎಂದೂ ಸರ್ಕಾರ ವಾದಿಸಿತು. ಎರಡು ದಿನದಲ್ಲಿ ಎರಡು ಮಾತೆಂದು ನ್ಯಾಯಪೀಠದಲ್ಲೂ ಹೊರಗೂ ಚುಚ್ಚುಮಾತು ಕೇಳಿಬಂತು.

ಜೂನ್ 28ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಇವೆರಡನ್ನೂ ಒಪ್ಪಿಕೊಂಡರು. ಅಂತರರಾಜ್ಯ ವಾಣಿಜ್ಯವನ್ನು ನಿಯಂತ್ರಿಸುವ ಅಧಿಕಾರದಡಿ ಯಾರನ್ನೂ ವಸ್ತುವೊಂದನ್ನು ಕೊಳ್ಳುವಂತೆ ಒತ್ತಾಯಿಸಲಾಗದು, ಆದರೆ ಕೊಳ್ಳದವರ ಮೇಲೆ ತೆರಿಗೆ ಹಾಕಬಹುದು ಎಂದು 5–4ರಲ್ಲಿ ಕಾನೂನು ಉಳಿಯಿತು. ಹೀಗೆ ಉಳಿಯಲು ಅವರು ಕೊಟ್ಟ ಕಾರಣಗಳಲ್ಲಿ ಮೇಲೆ ಹೇಳಿದ ಹಲ್ಲಿಲ್ಲದ ಗುಣವೂ ಸೇರಿದೆ: ಮೊತ್ತ ವಿಮೆಯ ಬೆಲೆಗಿಂತ ಕಡಿಮೆ, ಶಿಕ್ಷೆ ಇಲ್ಲ, ವಸೂಲಿ ತೆರಿಗೆ ಇಲಾಖೆಯದು, ಆದ್ದರಿಂದ ಇದು ನಡವಳಿಕೆಯಲ್ಲಿ ತೆರಿಗೆಯೇ. ದುರ್ಬಲ ವಸೂಲಿ ಕಾನೂನಿನ ಜೀವ ಉಳಿಸಿತು. ಅದೇ ತೀರ್ಪು ಐಆರ್‌ಎಸ್ ಅನ್ನು ಆರೋಗ್ಯ ಕಾನೂನಿನ ಮುಖ್ಯ ಜಾರಿ ಸಂಸ್ಥೆಯೆಂದು ಎಲ್ಲರ ಕಣ್ಣ ಮುಂದೆ ನಿಲ್ಲಿಸಿತು.

ಅದೇ ತೀರ್ಪಿನ ಇನ್ನೊಂದು ಭಾಗದತ್ತ ಆ ದಿನ ಯಾರೂ ಅಷ್ಟಾಗಿ ನೋಡಲಿಲ್ಲ. ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್ ಅನ್ನು ವಿಸ್ತರಿಸದ ರಾಜ್ಯಗಳಿಗೆ ಹಳೆಯ ಅನುದಾನವನ್ನೂ ನಿಲ್ಲಿಸುವ ಬೆದರಿಕೆ ತಲೆಗೆ ಬಂದೂಕು ಹಿಡಿದಂತೆ ಎಂದು 7–2ರಲ್ಲಿ ತೀರ್ಮಾನಿಸಿ, ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಡಲಾಯಿತು. ಇದರ ಪರಿಣಾಮವನ್ನು ಮುಂದೆ ನೋಡುತ್ತೇವೆ.

ಸಿನ್ಸಿನಾಟಿಯ ಕಡತಗಳು

2013ರ ಮೇ 10ರಂದು ವಾಷಿಂಗ್ಟನ್‌ನ ವಕೀಲರ ಸಮ್ಮೇಳನದಲ್ಲಿ ಐಆರ್‌ಎಸ್ ಅಧಿಕಾರಿ ಲೋಯಿಸ್ ಲರ್ನರ್, ಮೊದಲೇ ಹೇಳಿಕೊಟ್ಟು ಕೇಳಿಸಿದ ಪ್ರಶ್ನೆಯೊಂದಕ್ಕೆ ಉತ್ತರವಾಗಿ, ತೆರಿಗೆ ವಿನಾಯಿತಿ ಕೇಳಿದ ಸಂಪ್ರದಾಯವಾದಿ ಸಂಘಟನೆಗಳ ಅರ್ಜಿಗಳನ್ನು ಹೆಸರು ನೋಡಿ ಪ್ರತ್ಯೇಕಿಸಿದ್ದಕ್ಕೆ ಕ್ಷಮೆ ಕೇಳಿದರು. ನಾಲ್ಕು ದಿನದ ನಂತರ ಬಂದ, ಐಆರ್‌ಎಸ್‌ನ ಕೆಲಸದ ಮೇಲೆ ಕಣ್ಣಿಡುವ ಹಣಕಾಸು ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿ ಆಘಾತಕಾರಿಯಾಗಿತ್ತು. ಒಹಾಯೊ ರಾಜ್ಯದ ಸಿನ್ಸಿನಾಟಿ ಕಚೇರಿಯ ನೌಕರರು 2010ರಿಂದ ‘ಟೀ ಪಾರ್ಟಿ’ (ತೆರಿಗೆ, ಸರ್ಕಾರಿ ವೆಚ್ಚಗಳ ವಿರುದ್ಧ ಎದ್ದ ಸಂಪ್ರದಾಯವಾದಿ ಚಳವಳಿ), ‘ಪೇಟ್ರಿಯಟ್ಸ್’, ‘9/12’ ಎಂಬ ಪದಗಳಿದ್ದ ಅರ್ಜಿಗಳನ್ನು ವಿಶೇಷ ಪರಿಶೀಲನೆಗೆ ಎತ್ತಿಡುತ್ತಿದ್ದರು. ಪರಿಶೀಲನೆಗೆ ಒಳಗಾದ 298 ಅರ್ಜಿಗಳಲ್ಲಿ 96 ಈ ಹೆಸರುಗಳವು. 2012ರ ಡಿಸೆಂಬರ್ ಹೊತ್ತಿಗೆ 108 ಅರ್ಜಿಗಳಿಗೆ ಒಪ್ಪಿಗೆ ಸಿಕ್ಕಿತ್ತು, 28ನ್ನು ಅರ್ಜಿದಾರರೇ ಹಿಂದೆಗೆದುಕೊಂಡಿದ್ದರು, 160 ಅರ್ಜಿಗಳು 206ರಿಂದ 1,138 ದಿನಗಳಷ್ಟು ಕಾಲ ಕೊಳೆಯುತ್ತಿದ್ದವು. ಕೆಲವು ಸಂಘಟನೆಗಳಿಂದ ದಾನಿಗಳ ಹೆಸರನ್ನೂ ಕೇಳಲಾಗಿತ್ತು. ಹಂಗಾಮಿ ಕಮಿಷನರ್ ಸ್ಟೀವನ್ ಮಿಲ್ಲರ್ ಮೇ 15ರಂದು ರಾಜೀನಾಮೆ ಕೊಡಬೇಕಾಯಿತು. ಲರ್ನರ್ ಸಂಸತ್ ಸಮಿತಿಯ ಮುಂದೆ ಉತ್ತರಿಸಲು ನಿರಾಕರಿಸಿದರು.

ಟೀ ಪಾರ್ಟಿ ಸಂಘಟನೆಗಳಲ್ಲಿ ಅನೇಕವು ಹುಟ್ಟಿದ್ದೇ ಆರೋಗ್ಯ ಕಾನೂನಿನ ವಿರೋಧದ ಅಲೆಯಲ್ಲಿ. ಕಾನೂನನ್ನು ವಿರೋಧಿಸಿದವರನ್ನು ಸತಾಯಿಸಿದ ಇಲಾಖೆಗೇ ಕಾನೂನಿನ ಜಾರಿಯನ್ನು ಒಪ್ಪಿಸುವುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ವಿನಾಯಿತಿ ವಿಭಾಗವನ್ನು ಮೊದಲು ನೋಡಿಕೊಂಡಿದ್ದ ಸಾರಾ ಹಾಲ್ ಇಂಗ್ರಾಮ್ ಆಗ ಐಆರ್‌ಎಸ್‌ನ ಆರೋಗ್ಯ ಕಾನೂನು ಕಚೇರಿಯ ಮುಖ್ಯಸ್ಥರಾಗಿದ್ದುದು ಬೆಂಕಿಗೆ ತುಪ್ಪ ಸುರಿಯಿತು. ಆಗಸ್ಟ್ 2ರಂದು ಸದನ ಆರೋಗ್ಯ ಕಾನೂನಿನ ಯಾವ ಭಾಗವನ್ನೂ ಐಆರ್‌ಎಸ್ ಜಾರಿ ಮಾಡಕೂಡದೆಂಬ ಮಸೂದೆಯನ್ನು 232–185ರಲ್ಲಿ ಅಂಗೀಕರಿಸಿತು. ಡೆಮಾಕ್ರಟರ ಕೈಯಲ್ಲಿದ್ದ ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ.

ಈ ಹಂತದಲ್ಲಿ ಎಂಎಸ್‌ಎನ್‌ಬಿಸಿ ವಾಹಿನಿಯ ನಿರೂಪಕ ಮಾರ್ಟಿನ್ ಬಷೀರ್, ಐಆರ್‌ಎಸ್ ಹಗರಣವೇ ಶ್ವೇತಭವನದ ಕಪ್ಪು ಮನುಷ್ಯನ ವಿರುದ್ಧ ರಿಪಬ್ಲಿಕನ್ನರ ಹೊಸ ಆಯುಧ, ಜನಾಂಗದ್ವೇಷದ ಗುಪ್ತ ಭಾಷೆ ಎಂದು ವಾದಿಸಿದರು. ಇದು ಕೆಟ್ಟ ವಾದವೆಂದು ನನ್ನ ಅಭಿಪ್ರಾಯ. 1,138 ದಿನ ಉತ್ತರವಿಲ್ಲದೆ ಕಾದ ಅರ್ಜಿದಾರನ ದೂರು ಅಧ್ಯಕ್ಷರ ಬಣ್ಣ ಯಾವುದಾದರೂ ನ್ಯಾಯವಾದದ್ದೇ. ಇನ್ನೊಂದು ಕಡೆಯ ವಾದವೂ ಸಾಕ್ಷ್ಯವನ್ನು ದಾಟಿ ಹೋಗಿತ್ತು. ಶ್ವೇತಭವನವೇ ಆಜ್ಞೆ ಕೊಟ್ಟಿತ್ತೆಂಬುದಕ್ಕೆ ತನಿಖೆಗಳಲ್ಲಿ ಪುರಾವೆ ಸಿಗಲಿಲ್ಲ. ಆ ಅವಧಿಯ ಬಹುಭಾಗ ಕಮಿಷನರ್ ಆಗಿದ್ದ ಡಗ್ಲಸ್ ಶುಲ್ಮನ್ ಜಾರ್ಜ್ ಬುಷ್ ನೇಮಿಸಿದವರು. ನ್ಯಾಯ ಇಲಾಖೆ 2015ರ ಅಕ್ಟೋಬರ್‌ನಲ್ಲಿ ಯಾರ ಮೇಲೂ ಮೊಕದ್ದಮೆ ಹೂಡದೆ ತನಿಖೆ ಮುಗಿಸಿತು. 2017ರ ಸೆಪ್ಟೆಂಬರ್‌ನ ಇನ್ನೊಂದು ಇನ್‌ಸ್ಪೆಕ್ಟರ್ ಜನರಲ್ ವರದಿ ‘ಪ್ರೋಗ್ರೆಸಿವ್’, ‘ಆಕ್ಯುಪೈ’ ಮುಂತಾದ ಎಡಪಂಥೀಯ ಹೆಸರುಗಳನ್ನೂ ಹೀಗೆಯೇ ಎತ್ತಿಡಲಾಗಿತ್ತೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ಟೀ ಪಾರ್ಟಿ ಸಂಘಟನೆಗಳ ಮೊಕದ್ದಮೆಗಳನ್ನು ಕ್ಷಮಾಪಣೆಯೊಂದಿಗೆ ಇತ್ಯರ್ಥ ಮಾಡಿಕೊಂಡಿತು.

ತೆರಿಗೆ ಅಧಿಕಾರ ರಾಜಕೀಯ ಆಯುಧವಾಗಬಹುದೆಂಬ ಭಯ ಬಿಳಿಯ ಸಂಪ್ರದಾಯವಾದಿಗಳದ್ದು ಮಾತ್ರವಲ್ಲ ಎಂಬುದು ಈ ಗದ್ದಲದಲ್ಲಿ ಮರೆತುಹೋಯಿತು. 1960ರಲ್ಲಿ ಅಲಬಾಮ ರಾಜ್ಯ ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ರಾಜ್ಯದ ತೆರಿಗೆ ರಿಟರ್ನ್‌ನಲ್ಲಿ ಸುಳ್ಳು ಪ್ರಮಾಣ ಮಾಡಿದರೆಂದು ಕ್ರಿಮಿನಲ್ ಮೊಕದ್ದಮೆ ಹೂಡಿತ್ತು. ಮೇ 28ರಂದು ಮಾಂಟ್‌ಗಮರಿಯಲ್ಲಿ ಬಿಳಿಯರೇ ಇದ್ದ ಜ್ಯೂರಿ ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. 2004ರಲ್ಲಿ ಕಪ್ಪು ಜನರ ಹಳೆಯ ಹಕ್ಕುಗಳ ಸಂಸ್ಥೆಯಾದ ಎನ್‌ಎಎಸಿಪಿಯ ಅಧ್ಯಕ್ಷ ಜೂಲಿಯನ್ ಬಾಂಡ್ ಭಾಷಣವೊಂದರಲ್ಲಿ ಬುಷ್ ಅವರನ್ನು ಟೀಕಿಸಿದ ನಂತರ ಐಆರ್‌ಎಸ್ ಆ ಸಂಸ್ಥೆಯ ವಿನಾಯಿತಿಯ ಪರಿಶೀಲನೆಗೆ ಇಳಿದು, 2006ರಲ್ಲಿ ತಪ್ಪಿಲ್ಲವೆಂದು ಕಡತ ಮುಚ್ಚಿತು. ಇವೆರಡು ಪ್ರಕರಣಗಳನ್ನು ನೆನೆದಿದ್ದರೆ ಟೀ ಪಾರ್ಟಿಯ ಕಾರ್ಯಕರ್ತರಿಗೂ ಎನ್‌ಎಎಸಿಪಿಗೂ ಹೇಳಿಕೊಳ್ಳಲು ಒಂದೇ ದೂರು ಇತ್ತು. ಹಾಗೆ ಹೇಳಿಕೊಳ್ಳುವುದರಿಂದ ಎರಡೂ ಪಕ್ಷಗಳಿಗೆ ಲಾಭವಿರಲಿಲ್ಲ.

ಯಾರ ಮೇಲೆ ಬಿತ್ತು

ಮೊದಲು ದಂಡದ ಲೆಕ್ಕ. 2015ರ ತೆರಿಗೆ ವರ್ಷಕ್ಕೆ ಸುಮಾರು 65 ಲಕ್ಷ ತೆರಿಗೆದಾರರು ಒಟ್ಟು 300 ಕೋಟಿ ಡಾಲರ್, ಅಂದರೆ ಸರಾಸರಿ 470 ಡಾಲರ್ ಕಟ್ಟಿದರು. ಸುಮಾರು 1 ಕೋಟಿ 27 ಲಕ್ಷ ಜನ ವಿನಾಯಿತಿ ಕೇಳಿಕೊಂಡರು. ವಿನಾಯಿತಿ ಪಡೆಯಲು 8965 ಎಂಬ ಪ್ರತ್ಯೇಕ ನಮೂನೆ ತುಂಬಬೇಕಿತ್ತು. ಇಲಾಖೆಯೊಳಗೇ ಸ್ವತಂತ್ರವಾಗಿ ಕೆಲಸ ಮಾಡುವ ತೆರಿಗೆದಾರರ ವಕಾಲತ್ತು ಕಚೇರಿ 2015ರಲ್ಲಿ ಪತ್ತೆ ಮಾಡಿದ ಪ್ರಕಾರ, ಮೊದಲ ವರ್ಷವೇ 3 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟು ಸುಮಾರು 3.5 ಕೋಟಿ ಡಾಲರ್‌ನಷ್ಟು ಹೆಚ್ಚಿನ ದಂಡ ಕಟ್ಟಿದ್ದರು, ಅವರಲ್ಲಿ ಬಹುತೇಕರು ಬಡತನದ ಕಾರಣದಿಂದ ದಂಡವೇ ಅನ್ವಯಿಸದವರು. ನಮೂನೆ ಅರ್ಥವಾಗದೆ, ಅಥವಾ ಅರ್ಥವಾಗದ ಏಜೆಂಟನ ಕೈಯಲ್ಲಿ ತುಂಬಿಸಿ, ಕೊಡಬೇಕಿಲ್ಲದ ನೂರು ಡಾಲರ್ ಕೊಟ್ಟ ಇವರ ಪರವಾಗಿ ಯಾವ ಪಕ್ಷದವರೂ ಸಭೆ ಕರೆಯಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ದಂಡದ ಹೊರಗೆ ಬಿತ್ತು. ಬಡತನ ರೇಖೆಗಿಂತ ಕೆಳಗಿನವರಿಗೆಲ್ಲ ಮೆಡಿಕೈಡ್ ಸಿಗುತ್ತದೆಂಬ ನಂಬಿಕೆಯ ಮೇಲೆ ಕಾನೂನು ಖಾಸಗಿ ವಿಮೆಯ ಸಬ್ಸಿಡಿಯನ್ನು ಬಡತನ ರೇಖೆಯ ಶೇ 100ರಿಂದ 400ರ ತನಕದ ಆದಾಯದವರಿಗೆ ಮಾತ್ರ ಇಟ್ಟಿತ್ತು. 2012ರ ತೀರ್ಪಿನ ನಂತರ ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ ಮುಂತಾದ ರಾಜ್ಯಗಳು ವಿಸ್ತರಣೆಯನ್ನು ನಿರಾಕರಿಸಿದಾಗ, ಸಬ್ಸಿಡಿ ಪಡೆಯಲಾಗದಷ್ಟು ಬಡವರೂ ಹಳೆಯ ಮೆಡಿಕೈಡ್ ನಿಯಮಕ್ಕೆ ಹೊಂದದವರೂ ಆದ ಸುಮಾರು 50 ಲಕ್ಷ ಜನ ನಡುವೆ ಸಿಕ್ಕಿಬಿದ್ದರು. ಮೊದಲ ಮೂರು ವರ್ಷ ಪೂರ್ತಿ ವೆಚ್ಚವನ್ನೂ ಆಮೇಲೆ ಕನಿಷ್ಠ ಶೇ 90ರಷ್ಟನ್ನೂ ಕೇಂದ್ರವೇ ಭರಿಸುವುದಿದ್ದರೂ ನಿರಾಕರಣೆ ನಡೆಯಿತು. ವಿಚಿತ್ರವೆಂದರೆ, ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ತುಂಬದ ವಲಸಿಗರಿಗೆ ಮೆಡಿಕೈಡ್ ಇಲ್ಲದ್ದರಿಂದ ಆಗಿನ ನಿಯಮ ಅವರಿಗೆ ರೇಖೆಯ ಕೆಳಗಿದ್ದರೂ ಸಬ್ಸಿಡಿ ಕೊಡುತ್ತಿತ್ತು. ಟೆಕ್ಸಾಸ್‌ನಲ್ಲೇ ಹುಟ್ಟಿದ ಬಡ ನಾಗರಿಕನಿಗೆ ಅದೂ ಇರಲಿಲ್ಲ.

ಜನಾಂಗದ ಪ್ರಶ್ನೆ ನಿಜವಾಗಿ ಕುಳಿತಿದ್ದದ್ದು ಇಲ್ಲಿ. 65 ವರ್ಷದೊಳಗಿನ ಕಪ್ಪು ಅಮೆರಿಕನ್ನರಲ್ಲಿ 2010ರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವಿಮೆ ಇರಲಿಲ್ಲ. 2016ರ ಹೊತ್ತಿಗೆ ಅದು ಸುಮಾರು ಒಂಬತ್ತರಲ್ಲಿ ಒಬ್ಬರಿಗೆ ಇಳಿಯಿತು. ಆದರೆ ಕಪ್ಪು ಜನರ ದೊಡ್ಡ ಭಾಗ ವಾಸಿಸುವ ದಕ್ಷಿಣದ ರಾಜ್ಯಗಳೇ ಹೆಚ್ಚಾಗಿ ಹೊರಗುಳಿದವು. ಇದನ್ನು ಜನಾಂಗದ್ವೇಷವೆಂದೇ ಕರೆಯಬೇಕೇ ಎಂದು ಕೇಳಿದರೆ, ವಿಸ್ತರಣೆ ನಿರಾಕರಿಸಿದ ರಾಜ್ಯಗಳಲ್ಲಿ ಬಿಳಿಯರೇ ತುಂಬಿರುವ ವಯೋಮಿಂಗ್ ಕೂಡ ಇದೆ, ಒಪ್ಪಿಕೊಂಡವುಗಳಲ್ಲಿ ಬಿಳಿಯ ಬಡವರ ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯಾ ಇವೆ ಎಂಬ ಉತ್ತರವೂ ಸಿಗುತ್ತದೆ. ಉದ್ದೇಶ ಏನೇ ಇರಲಿ, ಫಲ ಯಾರಿಗೆ ತಪ್ಪಿತು ಎಂಬುದನ್ನು ಎಣಿಸಬಹುದು. ಆ ಎಣಿಕೆಗೆ ಯಾರ ಮನಸ್ಸನ್ನೂ ಓದಬೇಕಿಲ್ಲ.

ಒಂದು ಪತ್ರ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ನಿಲ್ಲಿಸಿದ ದಾಖಲೆ ಒಂದು ಸಾಮಾನ್ಯ ಅಂಚೆ ಪತ್ರ. 2016–17ರ ಚಳಿಗಾಲದಲ್ಲಿ ಐಆರ್‌ಎಸ್, ಹಿಂದಿನ ಬಾರಿ ದಂಡ ಕಟ್ಟಿದ ಮನೆಗಳಿಗೆ, ವಿಮೆ ಎಲ್ಲಿ ಕೊಳ್ಳಬಹುದು, ಕೊಳ್ಳದಿದ್ದರೆ ಎಷ್ಟು ದಂಡ ಬರುತ್ತದೆ ಎಂದು ತಿಳಿಸುವ ಪತ್ರ ಕಳಿಸಲು ಹೊರಟಿತು. ಒಟ್ಟು 45 ಲಕ್ಷ ಮನೆಗಳು. ಬಜೆಟ್ ಸಾಲದೆ 39 ಲಕ್ಷಕ್ಕೆ ಮಾತ್ರ ಕಳಿಸಲಾಯಿತು, ಯಾರಿಗೆ ಕಳಿಸಬಾರದೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಯಿತು. ಹಣದ ಕೊರತೆಯಿಂದ ತಾನಾಗಿಯೇ ಒಂದು ದೊಡ್ಡ ವೈಜ್ಞಾನಿಕ ಪ್ರಯೋಗ ಸಿದ್ಧವಾಯಿತು. ಜೇಕಬ್ ಗೋಲ್ಡಿನ್, ಇಥಾಯ್ ಲೂರಿ ಮತ್ತು ಜಾನೆಟ್ ಮೆಕ್‌ಕಬಿನ್ ಅದರ ಫಲಿತಾಂಶವನ್ನು ಪರಿಶೀಲಿಸಿದಾಗ, ಪತ್ರ ಹೋದ ಮನೆಗಳಲ್ಲಿ ವಿಮೆ ಕೊಂಡವರು ಹೆಚ್ಚಿದ್ದರು. ಹಿಂದಿನ ವರ್ಷ ವಿಮೆ ಇಲ್ಲದ 45ರಿಂದ 64ರ ವಯಸ್ಸಿನವರಲ್ಲಿ ಪತ್ರ ಹೋದ ಪ್ರತಿ 1,648 ಜನರಿಗೆ ಒಂದು ಸಾವು ಕಡಿಮೆಯಾಗಿತ್ತು. ಸಂಪ್ರದಾಯವಾದಿಗಳು ಶಸ್ತ್ರಧಾರಿಗಳ ಪಡೆ ಎಂದು ಚಿತ್ರಿಸಿದ ಇಲಾಖೆ ಕೈಯಲ್ಲಿ ಹಿಡಿದಿದ್ದದ್ದು ಅಂಚೆ ಲಕೋಟೆ, ಅದನ್ನೂ ಎಲ್ಲರಿಗೆ ಕಳಿಸುವಷ್ಟು ದುಡ್ಡಿಲ್ಲ. ದಂಡವೇ ಇಲ್ಲದಿದ್ದರೆ ಆ ಪತ್ರವನ್ನು ತೆರೆದು ಓದುವವರು ಎಷ್ಟು ಎಂಬುದೂ ಯೋಚಿಸಬೇಕಾದ ಮಾತು.

ಸೊನ್ನೆಯಾದ ಮೇಲೆ

2017ರ ಡಿಸೆಂಬರ್ 22ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ತೆರಿಗೆ ಕಾನೂನು ದಂಡವನ್ನು ಸೊನ್ನೆ ಮಾಡಿತು. ಸೆಕ್ಷನ್ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ದಂಡವಿಲ್ಲವೆಂದರೆ ಅದು ತೆರಿಗೆಯಲ್ಲ, ತೆರಿಗೆಯಲ್ಲವೆಂದರೆ 2012ರ ತೀರ್ಪಿನ ಆಧಾರ ಕುಸಿಯುತ್ತದೆ, ಆದ್ದರಿಂದ ಇಡೀ ಕಾನೂನೇ ಬೀಳಬೇಕು ಎಂದು ಟೆಕ್ಸಾಸ್ ಮತ್ತು ಇತರ ರಾಜ್ಯಗಳು ವಾದಿಸಿದವು. 2018ರ ಡಿಸೆಂಬರ್ 14ರಂದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶ ರೀಡ್ ಓಕಾನರ್ ಅದನ್ನು ಒಪ್ಪಿದರು. ಸುಪ್ರೀಂ ಕೋರ್ಟ್ 2021ರ ಜೂನ್ 17ರಂದು 7–2ರಲ್ಲಿ ಆ ಮೊಕದ್ದಮೆಯನ್ನು ಕೈಬಿಟ್ಟಿತು: ಜಾರಿ ಮಾಡಲಾಗದ ನಿಯಮದಿಂದ ಯಾರಿಗೂ ಹಾನಿಯಿಲ್ಲ, ಹಾನಿಯಿಲ್ಲದವರಿಗೆ ಮೊಕದ್ದಮೆ ಹೂಡುವ ಹಕ್ಕಿಲ್ಲ.

ಜಗಳ ಮಾತ್ರ ಹೊಸ ಅಂಕಿಯೊಂದಿಗೆ ಮುಂದುವರಿಯಿತು. 2022ರ ಆಗಸ್ಟ್‌ನಲ್ಲಿ ಐಆರ್‌ಎಸ್‌ಗೆ ಹತ್ತು ವರ್ಷಕ್ಕೆ ಸುಮಾರು 8,000 ಕೋಟಿ ಡಾಲರ್ ಹೆಚ್ಚುವರಿ ಹಣ ಮಂಜೂರಾದಾಗ 16,500ರ ಜಾಗಕ್ಕೆ 87,000 ಬಂತು. ಹಣಕಾಸು ಇಲಾಖೆಯ 2021ರ ವರದಿಯೊಂದು ದಶಕದಲ್ಲಿ ನೇಮಿಸಬಹುದಾದ ಎಲ್ಲ ಬಗೆಯ ನೌಕರರ ಸಂಖ್ಯೆಯೆಂದು ಕೊಟ್ಟಿದ್ದ 86,852 ಎಂಬ ಅಂಕಿ, ನಿವೃತ್ತರಾಗುವವರ ಜಾಗ ತುಂಬುವ ಗುಮಾಸ್ತರನ್ನೂ ಸೇರಿಸಿಕೊಂಡು, 87,000 ತನಿಖಾಧಿಕಾರಿಗಳಾಗಿ ಚುನಾವಣಾ ಭಾಷಣಗಳಿಗೆ ಇಳಿಯಿತು.

ಅದೇ ಹೊತ್ತಿಗೆ ತೆರಿಗೆ ವಸೂಲಿಯಲ್ಲಿ ಜನಾಂಗದ ಪ್ರಶ್ನೆಗೆ ಮೊದಲ ಬಾರಿಗೆ ಗಟ್ಟಿ ಅಳತೆ ಸಿಕ್ಕಿತು. ಪತ್ರದ ಅಧ್ಯಯನ ಮಾಡಿದ್ದ ಗೋಲ್ಡಿನ್ ಅವರೂ ಸೇರಿದ್ದ ಸಂಶೋಧಕರ ತಂಡ 2023ರ ಜನವರಿಯಲ್ಲಿ ಹೊರತಂದ ಪ್ರಬಂಧದ ಪ್ರಕಾರ, ಕಪ್ಪು ತೆರಿಗೆದಾರರು ಇತರರಿಗಿಂತ 2.9ರಿಂದ 4.7 ಪಟ್ಟು ಹೆಚ್ಚು ಆಡಿಟ್‌ಗೆ ಒಳಗಾಗುತ್ತಿದ್ದರು. ಐಆರ್‌ಎಸ್ ಯಾರ ಜನಾಂಗವನ್ನೂ ಕೇಳುವುದಿಲ್ಲ, ದಾಖಲಿಸುವುದೂ ಇಲ್ಲ. ಸಂಶೋಧಕರು ಹೆಸರು ಮತ್ತು ವಾಸಸ್ಥಳದಿಂದ ಅಂದಾಜು ಮಾಡಬೇಕಾಯಿತು. ದುಡಿಯುವ ಬಡವರಿಗೆ ಸಿಗುವ ಆದಾಯ ಸಹಾಯ ಕ್ರೆಡಿಟ್ (ತೆರಿಗೆಯಲ್ಲಿ ಸಿಗುವ ಕಡಿತ ಅಥವಾ ಮರುಪಾವತಿ) ಪಡೆದವರ ರಿಟರ್ನ್‌ಗಳನ್ನು ಅಂಚೆಯ ಮೂಲಕ ಅಗ್ಗದಲ್ಲಿ ಪರಿಶೀಲಿಸಬಹುದಾದ್ದರಿಂದ ಕಂಪ್ಯೂಟರ್ ಅವನ್ನೇ ಹೆಚ್ಚು ಆರಿಸುತ್ತಿತ್ತು. ಅಧಿಕಾರಿಯೊಬ್ಬನ ದ್ವೇಷ ಬೇಕಾಗಿರಲಿಲ್ಲ. ಕಡಿಮೆ ಸಿಬ್ಬಂದಿಯಿಂದ ಹೆಚ್ಚು ಕಡತ ಮುಗಿಸುವ ಒಂದು ಸೂತ್ರ ಸಾಕಾಗಿತ್ತು. ಇಲಾಖೆಯ ಬಜೆಟ್ ಕತ್ತರಿಸಿದವರು ತಮ್ಮ ಬೆಂಬಲಿಗರನ್ನು ಐಆರ್‌ಎಸ್‌ನಿಂದ ಕಾಪಾಡುತ್ತಿದ್ದೇವೆಂದು ಹೇಳಿಕೊಂಡರು. ಆ ಕತ್ತರಿಯಿಂದ ಕೈತಪ್ಪಿ ಹೋದದ್ದು ಜಟಿಲ ಲೆಕ್ಕದ ಶ್ರೀಮಂತರ ಆಡಿಟ್, ಉಳಿದದ್ದು ಅಂಚೆಯ ಆಡಿಟ್.

ಮಿಸಿಸಿಪ್ಪಿಯ ಡೆಲ್ಟಾ ಪ್ರದೇಶದ ಹಂಫ್ರೀಸ್ ಕೌಂಟಿಯಲ್ಲಿ ಬಹುಸಂಖ್ಯಾತರು ಕಪ್ಪು ಜನ, ಅರ್ಧಕ್ಕಿಂತ ಹೆಚ್ಚು ತೆರಿಗೆದಾರರು ಆ ಕ್ರೆಡಿಟ್ ಪಡೆಯುವವರು. ದೇಶದಲ್ಲೇ ಹೆಚ್ಚು ಆಡಿಟ್ ಆಗುವ ಕೌಂಟಿ ಅದೇ ಎಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2019ರಲ್ಲಿ ವರದಿ ಮಾಡಿತ್ತು. 2023ರ ಮೇ ತಿಂಗಳಲ್ಲಿ ಕಮಿಷನರ್ ಡ್ಯಾನಿ ವರ್ಫೆಲ್ ಸೆನೆಟ್‌ಗೆ ಬರೆದ ಪತ್ರದಲ್ಲಿ ಆಡಿಟ್‌ನ ಜನಾಂಗೀಯ ಅಸಮಾನತೆಯನ್ನು ಒಪ್ಪಿಕೊಂಡು, ಸೆಪ್ಟೆಂಬರ್‌ನಲ್ಲಿ ಆ ಕ್ರೆಡಿಟ್‌ನ ಮೇಲಿನ ಅಂಚೆ ಆಡಿಟ್‌ಗಳನ್ನು ಗಣನೀಯವಾಗಿ ಇಳಿಸುವುದಾಗಿ ಪ್ರಕಟಿಸಿದರು. ಮೆಡಿಕೈಡ್ ವಿಸ್ತರಣೆಯ ಮಸೂದೆ 2024ರಲ್ಲಿ ಮಿಸಿಸಿಪ್ಪಿಯ ಶಾಸನಸಭೆಯ ಎರಡೂ ಸದನಗಳಲ್ಲಿ ಬೇರೆ ಬೇರೆ ರೂಪದಲ್ಲಿ ಅಂಗೀಕಾರವಾಗಿಯೂ, ಒಮ್ಮತಕ್ಕೆ ಬಾರದೆ ಅಧಿವೇಶನದ ಕೊನೆಯಲ್ಲಿ ಬಿದ್ದುಹೋಯಿತು.